ಆ ಮಾತು ಊರಲ್ಲೇ ಬಿಟ್ಟು ಬಾ ಅಂದರಂತೆ

ಮೊನ್ನೆ ರಾತ್ರಿ ಸೇಡಂನಿಂದ ಅಕ್ಕನ ಮಗ ಫೋನ್ ಮಾಡಿದ್ದ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದಾನೆ. ನೌಕರಿ ವಿಷಯ ಇರಬೇಕು ಅಂದುಕೊಂಡೆ. ಅಲ್ಲ.

"ಮಾಮಾ, ಬೆಂಗಳೂರಾಗ ಆಕ್ಟಿಂಗ್ ಕ್ಲಾಸಿಗಿ ಸೇರ್ಬೇಕಂತ ಮಾಡೀನಿ. ವಿಡಿಯೋ ಕಾಲ್ ಮಾಡಿ ನೋಡಿದ್ರು. ಮುಖ ಚಲೋ ಅದ, ಆದ್ರ ಆ ಮಾತ್ ಊರಾಗೇ ಬಿಟ್ಟು ಬಾ ಅಂದ್ರು. ಬಿಡ್ಲೇನು ಮಾಮಾ?"

ನಾಳೆ ಹೇಳ್ತೀನಿ ಅಂದೆ. ನಾಳೆ ಹೋಗಿ ಮೂರು ದಿನ ಆಯಿತು. ಯಾಕೆ ತಡವಾಯಿತು ಅಂದರೆ, ಇದೇ ಮಾತನ್ನು ಇಪ್ಪತ್ತೈದು ವರ್ಷದ ಹಿಂದೆ ನನಗೂ ಒಬ್ಬರು ಹೇಳಿದ್ದರು. ನಾನು ಬಿಟ್ಟಿದ್ದೆ!

ವಾಡಿ ಜಂಕ್ಷನ್‌ನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬಂದವನು ನಾನು. ಕೆಲಸ ಸಿಕ್ಕ ಮೇಲೆ ಶನಿವಾರ, ಭಾನುವಾರ ಒಂದು ಅಭಿನಯ ತರಬೇತಿಗೆ ಸೇರಿದೆ. ಮೊದಲ ದಿನ ಎಲ್ಲರೂ ಪರಿಚಯ ಹೇಳಬೇಕಿತ್ತು. "ನಾ ವಾಡಿದಾಂವ ರೀ" ಅಂದೆ. ಇಡೀ ಹಾಲ್ ನಕ್ಕಿತು. ಕಲಿಸುವವರೂ ನಕ್ಕರು. ಅವರೇನು ಕೆಟ್ಟವರಲ್ಲ, ಆಮೇಲೆ ಕರೆದು ಚಹಾ ಕುಡಿಸಿ "ಮೊದಲು ಆ ಭಾಷೆ ಬಿಡಪ್ಪ" ಅಂದರು. ಆದರೆ ಅಲ್ಲಿಂದ ಮುಂದೆ ನನಗೆ ಸಿಕ್ಕಿದ್ದು ಎರಡೇ ಪಾತ್ರ. ಒಂದು ವಾಚ್‌ಮನ್, ಇನ್ನೊಂದು ಕುಡುಕ. ಮೂರು ತಿಂಗಳಿಗೆ ತರಬೇತಿ ಬಿಟ್ಟೆ. ಭಾಷೆ ಅದಕ್ಕೂ ಮೊದಲೇ ಬಿಟ್ಟಿತ್ತು. ಈಗ ಅಕ್ಕನ ಜೊತೆ ಮಾತಾಡುವಾಗ ಮಾತ್ರ ಬರುತ್ತೆ, ಅದೂ ಅರ್ಧಂಬರ್ಧ.

ಸಿಟ್ಟು ಬರುತ್ತದೆ ನಿಜ. ಆದರೆ ಬೆಂಗಳೂರಿನವರನ್ನೇ ಬೈದರೆ ಸುಳ್ಳಾಗುತ್ತದೆ. ನಮ್ಮ ಕಡೆ ಜಾತ್ರೆ ಬಂತೆಂದರೆ ಊರ ಹುಡುಗರೇ ನಾಟಕ ಆಡುತ್ತಾರೆ. ತಿಂಗಳುಗಟ್ಟಲೆ ತಾಲೀಮು. ಕಲಿಸೋದು ಪೇಟಿ ಮಾಸ್ತರು. ಪೇಟಿ ಅಂದರೆ ಹಾರ್ಮೋನಿಯಂ. ಹಾಡು, ಮಾತು, ಕೈಕಾಲು ಎಲ್ಲ ಕಲಿಸುವ ಗುರು ಅವರೇ. ಚಿತ್ತಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಮಾವನ ಜೊತೆ ಬೆಳಗಿನ ತನಕ ಕೂತು ಅಂಥ ನಾಟಕ ನೋಡಿದ್ದೇನೆ. ಈಗ ನೆನೆಸಿಕೊಂಡರೆ ಒಂದು ವಿಷಯ ಹೊಳೆಯುತ್ತದೆ. ಅಲ್ಲೂ ನಾಯಕ ಪುಸ್ತಕದ ಕನ್ನಡ ಆಡುತ್ತಿದ್ದ. ನಮ್ಮ ಮಾತು ಆಡುತ್ತಿದ್ದವನು ಹಾಸ್ಯದ ಪಾತ್ರದವನು ಮಾತ್ರ. ನಮ್ಮೂರಲ್ಲಿ, ನಮ್ಮವರ ಮುಂದೆ! ನಾವೂ ಬಿದ್ದು ಬಿದ್ದು ನಗುತ್ತಿದ್ದೆವು. ಬೆಂಗಳೂರಿನ ಹಾಲ್ ನಕ್ಕಿದ್ದು ಆಮೇಲೆ.

ಇದನ್ನೆಲ್ಲ ಯೋಚಿಸುತ್ತ ಕೂತಾಗ ನೆನಪಾದವರು ಬಿ.ವಿ. ಕಾರಂತರು.

ನಾನು ಕಾರಂತರನ್ನು ನೋಡಿದವನಲ್ಲ. ನೋಡಿದ್ದು 'ಚೋಮನ ದುಡಿ' ಸಿನಿಮಾ, ದೂರದರ್ಶನದಲ್ಲಿ, ಶಹಾಬಾದಿನ ಸೋದರತ್ತೆ ಮನೆಯಲ್ಲಿ. ಮಾವ ಅಲ್ಲಿ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದರು. ನಿಮ್ಮ ಮನೆಯ ಹಳೇ ನೆಲಕ್ಕೆ ಹಾಸಿರುವ ಬೂದು ಬಣ್ಣದ ಶಹಾಬಾದ್ ಕಲ್ಲು ಅಂತೀರಲ್ಲ, ಅದೇ. ಒಬ್ಬ ದಲಿತ ಜೀತಗಾರ, ಒಂದು ತುಂಡು ನೆಲ ಸಿಕ್ಕರೆ ತಾನೇ ಉಳಬೇಕು ಅನ್ನುವ ಆಸೆ, ಅದು ಕೊನೆಗೂ ಈಡೇರುವುದಿಲ್ಲ. ಹೇಳಲಿಕ್ಕೆ ಆಗದೇ ಇದ್ದಾಗೆಲ್ಲ ಚೋಮ ದುಡಿ ಬಾರಿಸುತ್ತಾನೆ. ಸಿನಿಮಾ ಮುಗಿದ ಮೇಲೆ ಮಾವ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದರು. ಅತ್ತೆ ಚಹಾ ತಂದಿಟ್ಟರೂ ಮುಟ್ಟಲಿಲ್ಲ. ಕರಾವಳಿಯ ಚೋಮನಿಗೂ ಶಹಾಬಾದಿನ ಗಣಿಗೂ ಏನು ಸಂಬಂಧ? ಆಗ ನನಗೆ ತಿಳಿಯಲಿಲ್ಲ.

ಶಿವರಾಮ ಕಾರಂತರ ಕಾದಂಬರಿಯಿಂದ 1975ರಲ್ಲಿ ಮಾಡಿದ ಈ ಸಿನಿಮಾಕ್ಕೆ ಸ್ವರ್ಣ ಕಮಲ ಬಂತು. ಚೋಮನಾದ ರಂಗಭೂಮಿ ನಟ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ರಾಷ್ಟ್ರ ಪ್ರಶಸ್ತಿ ಬಂತು. ಅದಕ್ಕೂ ಮೊದಲು ಗಿರೀಶ ಕಾರ್ನಾಡರ ಜೊತೆ ನಿರ್ದೇಶಿಸಿದ 'ವಂಶವೃಕ್ಷ'ಕ್ಕೆ 1971ರ ಸಾಲಿನ ಅತ್ಯುತ್ತಮ ನಿರ್ದೇಶನದ ರಾಷ್ಟ್ರ ಪ್ರಶಸ್ತಿ ಬಂದಿತ್ತು. ಮುಂದೆ 1977ರಲ್ಲಿ ಮತ್ತೆ ಕಾರ್ನಾಡರ ಜೊತೆಗೆ 'ತಬ್ಬಲಿಯು ನೀನಾದೆ ಮಗನೆ'.

ಇಷ್ಟು ಹೆಸರು ಬಂದವರು ಇನ್ನು ಸಿನಿಮಾ ಮೇಲೆ ಸಿನಿಮಾ ಮಾಡುತ್ತಾರೆ ಅನ್ನಿಸುತ್ತದೆ ಅಲ್ವಾ? ಕಾರಂತರು ಮಾಡಲಿಲ್ಲ. ಸಿನಿಮಾಗಳಿಗೆ ಸಂಗೀತ ಕೊಟ್ಟರು, ಆದರೆ ನಿರ್ದೇಶಿಸಿದ್ದು ಬೆರಳೆಣಿಕೆಯಷ್ಟು. ಅದೇ 1977ರಲ್ಲಿ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕರಾಗಿ ಹೋದರು. ಅಲ್ಲಿಂದ 1981ರಲ್ಲಿ ಭೋಪಾಲದ ಭಾರತ ಭವನದ ರಂಗಮಂಡಲ. 1989ರಲ್ಲಿ ಮೈಸೂರಿನ ರಂಗಾಯಣ. 2002ರ ಸೆಪ್ಟೆಂಬರ್ 1ರಂದು ತೀರಿಕೊಳ್ಳುವ ತನಕ ನಾಟಕ ಮಾಡಿಸಿದ್ದು, ನಟರಿಗೆ ಕಲಿಸಿದ್ದೇ ಹೆಚ್ಚು. ಸಿನಿಮಾದ ಲೆಕ್ಕದಲ್ಲಿ ನೋಡಿದರೆ ಅರ್ಧಕ್ಕೆ ನಿಂತ ಕೆರಿಯರ್. ನನಗೆ ಈಗ ಹಾಗೆ ಕಾಣುವುದಿಲ್ಲ.

ಭೋಪಾಲದ ಕತೆ ಕೇಳಿ. ಹಿಂದಿ ನಾಡಿನ ರಾಜಧಾನಿ, ಸರ್ಕಾರದ ನಾಟಕ ತಂಡ. ಶುದ್ಧ ಹಿಂದಿಯಲ್ಲಿ ನಾಟಕ ಮಾಡಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕಾರಂತರು ಬುಂದೇಲಿ, ಮಾಳವಿ, ಛತ್ತೀಸಗಢಿ ಮಾತುಗಳನ್ನೇ ರಂಗದ ಮೇಲೆ ತಂದರು. ಕಾಳಿದಾಸನ ನಾಟಕವನ್ನೂ ಬಿಡಲಿಲ್ಲ! ರಾಜನ ಆಸ್ಥಾನದ ನಾಟಕ ಹಳ್ಳಿಯ ಮಾತಿನಲ್ಲಿ. ನಮ್ಮ ಚಿತ್ತಾಪುರದ ಜಾತ್ರೆಯಲ್ಲಿ ನಾಯಕನಿಗೆ ಸಿಗದೇ ಇದ್ದದ್ದು ಅಲ್ಲಿ ಸಿಕ್ಕಿತು. ಬೆಂಗಳೂರಿನಲ್ಲೂ ಅಷ್ಟೇ. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಅವರು ಆಡಿಸಿದ ನಾಟಕಗಳಲ್ಲಿ ಕಂಬಾರರ 'ಜೋಕುಮಾರಸ್ವಾಮಿ'ಯೂ ಒಂದು. ಉತ್ತರ ಕರ್ನಾಟಕದ ಮಾತನ್ನು ರಾಜಧಾನಿಯ ಮಧ್ಯೆ ಅಷ್ಟು ಧೈರ್ಯವಾಗಿ ಕೇಳಿಸಿದವರು ಬಂಟ್ವಾಳದ ಕಡೆಯವರು.

ಹಾಗಂತ ಕಾರಂತರು ತಮ್ಮ ಊರಿನ ಮಾತು ಹಿಡಿದುಕೊಂಡು ಕೂತವರೂ ಅಲ್ಲ. ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದರು. ಗುಬ್ಬಿ ವೀರಣ್ಣನವರು ಬನಾರಸಿಗೆ ಕಳಿಸಿದರು, ಅಲ್ಲಿ ಹಿಂದಿ ಎಂ.ಎ. ಓದಿದರು, ಓಂಕಾರನಾಥ ಠಾಕೂರರ ಹತ್ತಿರ ಸಂಗೀತ ಕಲಿತರು. ಮ್ಯಾಕ್‌ಬೆತ್ ನಾಟಕವನ್ನು ಹಿಂದಿಯಲ್ಲಿ 'ಬರ್ನಂ ವನ' ಅಂತ ಮಾಡಿಸುವಾಗ ಅದರೊಳಗೆ ಯಕ್ಷಗಾನ ತಂದು ಕೂರಿಸಿದರು. ಹೊಸದು ಕಲಿತರು, ಹಳೆಯದು ಕೈಬಿಡಲಿಲ್ಲ.

ಇಲ್ಲೇ ನನಗೆ ಸಿಕ್ಕಿಬಿದ್ದ ಎಳೆ ಇರೋದು. ನನಗೆ ಕಲಿಸಿದವರು ಮೊದಲ ದಿನವೇ ನನ್ನಿಂದ ಒಂದನ್ನು ಕಳೆದರು. ಕಳೆದ ಜಾಗಕ್ಕೆ ಏನೂ ತುಂಬಲಿಲ್ಲ. ಕಾರಂತರು ನಟರ ಹತ್ತಿರ ಏನಿದೆಯೋ ಅದಕ್ಕೆ ಇನ್ನೊಂದು ಕೂಡಿಸಿದರು. ಆ ಕೂಡಿಸುವ ಪಾಠ ಅಲ್ಲಿಗೇ ನಿಲ್ಲಲಿಲ್ಲ. ರಂಗಾಯಣದಿಂದ ಬಂದ ಮಂಡ್ಯ ರಮೇಶ್ ಮೈಸೂರಿನಲ್ಲಿ 'ನಟನ' ಕಟ್ಟಿ ಹೊಸ ಹುಡುಗರಿಗೆ ಕಲಿಸಿದರು. ಹುಲುಗಪ್ಪ ಕಟ್ಟೀಮನಿ ಜೈಲಿನ ಕೈದಿಗಳಿಂದ ನಾಟಕ ಆಡಿಸಿದರು. ಒಂದು ಸಿನಿಮಾ ಡಬ್ಬಿಯಲ್ಲಿ ಉಳಿಯುತ್ತದೆ. ಕಲಿತವನು ಇನ್ನೊಬ್ಬನಿಗೆ ಕಲಿಸಿದರೆ ಅದು ಎಲ್ಲಿಯ ತನಕ ಹೋಗುತ್ತೋ ಯಾರಿಗೆ ಗೊತ್ತು?

ಮೈಸೂರಿನ ನಂತರ ಧಾರವಾಡ, ಶಿವಮೊಗ್ಗ, ಕಲಬುರಗಿಗೂ ರಂಗಾಯಣ ಬಂತು. ಸೇಡಂನ ಹುಡುಗ ಈಗ ಬೆಂಗಳೂರಿನ ರೈಲು ಹತ್ತುವ ಮೊದಲು ಕಲಬುರಗಿಯ ಬಸ್ಸು ಹತ್ತಿ ನೋಡಬಹುದು. ಚಿಂಚೋಳಿಗೆ ಇವತ್ತಿಗೂ ರೈಲಿಲ್ಲ, ಅಲ್ಲಿಯವರಿಗೂ ಬಸ್ಸಿದೆ. ನಾನು ಹೊರಟ ಕಾಲಕ್ಕೆ ಇಷ್ಟೂ ಇರಲಿಲ್ಲ.

ಅಷ್ಟಾದರೆ ಎಲ್ಲ ಸರಿಹೋಯಿತಾ? ಇಲ್ಲ. ನಮ್ಮ ಮಾತು ಕೇಳಿದರೆ ನಗು ತರಿಸಲಿಕ್ಕೇ ಇರೋದು ಅಂದುಕೊಂಡವರು ಇನ್ನೂ ಇದ್ದಾರೆ. ಹೊಟ್ಟೆಪಾಡಿಗೆ ಬೆಂಗಳೂರಿನ ಮಾತು ಬೇಕೇ ಬೇಕಾಗುತ್ತದೆ. ಹುಡುಗನಿಗೆ ಸುಳ್ಳು ಧೈರ್ಯ ಹೇಳಲಾರೆ.

ಕೊನೆಗೆ ಇವತ್ತು ಸಂಜೆ ಫೋನ್ ಮಾಡಿದೆ. ಬೆಂಗಳೂರಿನ ಮಾತು ಕಲಿ ಅಂದೆ. ಮೈಸೂರಿಂದು ಕಲಿ, ಮಂಗಳೂರಿಂದು ಕಲಿ, ಆದರೆ ಹಿಂದಿ ಸಹ ಕಲಿ. ನಿನಗೆ ಬರುವ ಒಂದನ್ನು ಮಾತ್ರ ಯಾರಾದರೂ ಬಿಡು ಅಂದರೆ ಫೀಸು ವಾಪಸ್ ಕೇಳಿ ಎದ್ದು ಬಾ. ಮೊದಲು ಕಲಬುರಗಿಗೆ ಹೋಗಿ ಕೇಳಿ ಬಾ, ಆಮೇಲೆ ಬೇಕಾದರೆ ಇಲ್ಲಿಗೆ ಬಾ, ನಮ್ಮ ಮನೆಯಲ್ಲೇ ಇರು.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಮಾಮಾ, ನೀ ಯಾಕ ಹಿಂಗ ಬೆಂಗಳೂರಿನವರಂಗ ಮಾತಾಡ್ಲತಿ?"

ಉತ್ತರ ಹೊಳೆಯಲಿಲ್ಲ. "ಕಲೀಲತೀನಿ ಬಿಡೋ, ಮತ್ತ ಹೊಸದಾಗಿ" ಅಂದೆ. ನಕ್ಕ. ಈ ಸಲದ ನಗು ಬೇಜಾರಾಗಲಿಲ್ಲ.

ನಿಮ್ಮ ಊರಿನ ಮಾತನ್ನೂ ಯಾರಾದರೂ ಬಿಡು ಅಂದಿದ್ದರಾ? ನೀವೇನು ಮಾಡಿದಿರಿ?