ಶ್ರೀನಗರದಿಂದ ಲೇಹ್‌ಗೆ ಎಷ್ಟು ದೂರ?



ಭಾರತದ ಭೂಪಟ ಬಿಡಿಸಿ ಉತ್ತರದ ತುದಿಯನ್ನೊಮ್ಮೆ ನೋಡಿ. ಶ್ರೀನಗರ ಮತ್ತು ಲೇಹ್ ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ದೂರ ಸುಮಾರು 255 ಕಿಲೋಮೀಟರ್. ನೇರ ವಿಮಾನ ಸಿಕ್ಕರೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ರಸ್ತೆಯಲ್ಲಿ ಹೊರಟರೆ ಸುಮಾರು 420 ಕಿಲೋಮೀಟರ್. ಕಾರ್ಗಿಲ್‌ನಲ್ಲಿ ಒಂದು ರಾತ್ರಿ ತಂಗಿ, ಎರಡು ದಿನದ ಪ್ರಯಾಣ.

ರಸ್ತೆ ಇಷ್ಟು ಸುತ್ತುವುದಕ್ಕೆ ಪರ್ವತಗಳೇ ಕಾರಣ. ಸೋನಾಮಾರ್ಗ್ ದಾಟಿದೊಡನೆ 3,528 ಮೀಟರ್ ಎತ್ತರದ ಜೋಜಿ ಲಾ ಎದುರಾಗುತ್ತದೆ. ‘ಲಾ’ ಎಂದರೆ ಅಲ್ಲಿಯವರ ಮಾತಿನಲ್ಲಿ ಬೆಟ್ಟ ದಾಟುವ ದಾರಿ, ನಮ್ಮ ಘಾಟಿ ಇದ್ದ ಹಾಗೆ. ಮುಂದೆ ದ್ರಾಸ್, ಕಾರ್ಗಿಲ್. ಆಮೇಲೆ 4,108 ಮೀಟರ್‌ನ ಫೋಟು ಲಾ. ಚಳಿಗಾಲದಲ್ಲಿ ಹಿಮ ಹೆಚ್ಚಾದರೆ ಜೋಜಿ ಲಾ ಮುಚ್ಚಿಬಿಡುತ್ತದೆ. ಆಗ ಲೇಹ್‌ನ ರೋಗಿಗೂ ವಿದ್ಯಾರ್ಥಿಗೂ ವಿಮಾನವೇ ಗತಿ.

ಈ ಆಕಾಶದ ದಾರಿ ತೆರೆದ ಕಥೆಯಲ್ಲಿ ನಮ್ಮವರೊಬ್ಬರಿದ್ದಾರೆ. 1948ರ ಮೇ ತಿಂಗಳಲ್ಲಿ ದಾಳಿಕೋರರು ಕಾರ್ಗಿಲ್ ಹಿಡಿದಿದ್ದರು, ಲೇಹ್ ಅಪಾಯದಲ್ಲಿತ್ತು. ಲಡಾಖಿನ ಎಂಜಿನಿಯರ್ ಸೋನಮ್ ನೋರ್ಬು ಸ್ಥಳೀಯರನ್ನು ಕೂಡಿಸಿಕೊಂಡು ಅಲ್ಲಿ ವಿಮಾನ ಇಳಿಯುವ ನೆಲವನ್ನು ಸಿದ್ಧಪಡಿಸಿದರು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಪರ್ವತಗಳ ಮೇಲಿಂದ ಡಕೋಟಾ ವಿಮಾನ ಹಾರಿಸಿ ಅಲ್ಲಿ ಇಳಿಸಿದರು. ಅವರೊಡನೆ ಆ ವಿಮಾನದಲ್ಲಿದ್ದವರು ಕೊಡಗಿನ ವೀರ, ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ತಿಮ್ಮಯ್ಯ! ಮುಂದೆ 1957ರಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು.

ಇಂದು ಲೇಹ್‌ಗೆ ಹೋಗುವುದು ಅಷ್ಟು ಸಾಹಸದ ಕೆಲಸವಲ್ಲ. ಆದರೂ ಅಲ್ಲಿನ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತೇ ಹಾರುತ್ತವೆ. ಬಿಸಿಲೇರಿದಂತೆ ಗಾಳಿ ಜೋರಾಗುತ್ತದೆ. ಮೊದಲೇ ತೆಳುವಾದ ಗಾಳಿ ಕಾದು ಇನ್ನಷ್ಟು ತೆಳುವಾಗಿ, ವಿಮಾನಕ್ಕೆ ಮೇಲೇಳುವುದು ಕಷ್ಟವಾಗುತ್ತದೆ.

ವಿಮಾನಕ್ಕೇ ಕಷ್ಟವಾದ ಮೇಲೆ ನಮ್ಮ ದೇಹದ ಪಾಡೇನು? ಲೇಹ್ ನಿಲ್ದಾಣ ಇರುವುದು 3,256 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್! ಸಮುದ್ರಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಮೂರನೇ ಎರಡು ಭಾಗದಷ್ಟೇ ಅಲ್ಲಿ ಸಿಗುವುದು. ರಸ್ತೆಯಲ್ಲಿ ಹೋದವರಿಗೆ ಸುಮಾರು 2,700 ಮೀಟರ್ ಎತ್ತರದ ಕಾರ್ಗಿಲ್‌ನಲ್ಲಿ ಮಲಗಿ ಏಳುವ ಅವಕಾಶವಾದರೂ ಇದೆ. ದಿಲ್ಲಿ, ಮುಂಬೈಗಳಿಂದ ನೇರವಾಗಿ ಹಾರಿ ಇಳಿದವರಿಗೆ ಅದೂ ಇಲ್ಲ.

ಆದ್ದರಿಂದ ಗೆಳೆಯರ ಗುಂಪು ಕಟ್ಟಿಕೊಂಡು ಲೇಹ್‌ಗೆ ಹೊರಡುವ ಮುನ್ನ ಲೆಕ್ಕ ಹೀಗೆ ಹಾಕಿ: ವಿಮಾನಕ್ಕೆ ಒಂದೆರಡು ಗಂಟೆ, ವಿಶ್ರಾಂತಿಗೆ ಎರಡು ದಿನ. ಆ ಎರಡು ದಿನ ಖರ್ದುಂಗ್ ಲಾ ಬೇಡ, ಓಡಾಟ ಬೇಡ, ಮದ್ಯವಂತೂ ಬೇಡವೇ ಬೇಡ. ತಲೆನೋವು, ವಾಕರಿಕೆ ಬಂದರೆ ಇನ್ನೂ ಮೇಲಕ್ಕೆ ಹತ್ತಬೇಡಿ. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ನಡಿಗೆ ತೂರಾಡಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಲೇಹ್‌ನ ಸರ್ಕಾರಿ ಆಸ್ಪತ್ರೆಗೆ ಅದೇ ಸೋನಮ್ ನೋರ್ಬು ಅವರ ಹೆಸರಿದೆ. ರಜೆ ಎರಡು ದಿನ ಹೆಚ್ಚು ಸಿಕ್ಕರೆ ಹೋಗುವಾಗ ಶ್ರೀನಗರದ ರಸ್ತೆ ಹಿಡಿಯಿರಿ, ಬರುವಾಗ ವಿಮಾನದಲ್ಲಿ ಬನ್ನಿ. ಕಿಟಕಿಯ ಪಕ್ಕದ ಸೀಟು ಕೇಳಲು ಮರೆಯಬೇಡಿ.