ಉರಿ ಕಾಣದ ಒಲೆ

ಮೈಕ್ರೋವೇವ್ ಜೊತೆ ಬರೋ ಪುಸ್ತಕದಲ್ಲಿ ಪವರ್ 100, 70, 50, 30 ಅಂತ ಲೆಕ್ಕ ಬರೆದಿರ್ತಾರೆ. ಮುಡಬಿಯ ನಮ್ಮ ಮನೆಯಲ್ಲಿ ಆ ಲೆಕ್ಕ ನಡೆಯೋಲ್ಲ. ಅಲ್ಲಿ ಅವ್ವನ ಲೆಕ್ಕವೇ ಬೇರೆ: ದೊಡ್ಡ ಉರಿ, ನಡು ಉರಿ, ಸಣ್ಣ ಉರಿ, ಕೆಂಡ.

ಅವ್ವನಿಗೆ ಈಗ ಕಣ್ಣು ಮಂಜು. ಗ್ಯಾಸಿನ ನೀಲಿ ಉರಿ ಹಗಲು ಬೆಳಕಲ್ಲಿ ಕಾಣೋಲ್ಲ, ಸೆರಗು ಉರಿಗೆ ಎಷ್ಟು ಹತ್ತಿರ ಇದೆ ಅನ್ನೋದೂ ತಿಳಿಯೋಲ್ಲ. ಬಸವಕಲ್ಯಾಣದ ಅಕ್ಕನ ಮನೆಗಾಗಲಿ, ಬೆಂಗಳೂರಿಗಾಗಲಿ ಬಾ ಅಂದ್ರೆ ಬರೋಲ್ಲ. ಹಾಗಾಗಿ ಈ ಡಬ್ಬಿ ಬಂತು. ಅವ್ವ ಕೇಳಿದ ಮೊದಲ ಪ್ರಶ್ನೆ: "ಇದರಾಗ ಉರಿ ಎಲ್ಲಿ ಅದ?"

ಒಳ್ಳೆ ಪ್ರಶ್ನೆ ಸ್ವಾಮಿ! ಬಹಳಷ್ಟು ಮೈಕ್ರೋವೇವ್‌ಗಳಲ್ಲಿ 50 ಅಂದ್ರೆ ಅರ್ಧ ಉರಿ ಅಲ್ಲ. ಒಳಗಿನ ಮ್ಯಾಗ್ನೆಟ್ರಾನ್ ಪೂರ್ತಿ ಜೋರಲ್ಲೇ ಸ್ವಲ್ಪ ಹೊತ್ತು ಓಡುತ್ತೆ, ಅಷ್ಟೇ ಹೊತ್ತು ಸುಮ್ಮನಿರುತ್ತೆ. (ಇನ್ವರ್ಟರ್ ಮಾದರಿಗಳು ಮಾತ್ರ ನಿಜವಾಗಿ ಉರಿ ತಗ್ಗಿಸುತ್ತವೆ.) ಸುಮ್ಮನಿದ್ದಾಗ ಬಿಸಿ ಅಂಚಿನಿಂದ ನಡುವಿಗೆ ಹರಡುತ್ತೆ. ಇದನ್ನ ಹೇಳಿದ್ರೆ ಅವ್ವ, "ಹಾಲು ಉಕ್ಕುವಾಗ ಬೋಗಾಣಿ ಎತ್ತಿ ಮತ್ತ ಇಡ್ತೀವಲ್ಲ, ಹಂಗ ಅನ್ನು" ಅಂದ್ಲು. ನಾನು ಓದಿದ ಯಾವ ವಿವರಣೆಯೂ ಇಷ್ಟು ಚಿಕ್ಕದಾಗಿರಲಿಲ್ಲ :)

ಇಬ್ಬರೂ ಕೂತು ಉರಿ ಹೊಂದಿಸಿದ್ವಿ. ದೊಡ್ಡ ಉರಿ, 100: ಹಪ್ಪಳ, ನೀರು ಚಿಮುಕಿಸಿದ ಹಸಿ ತರಕಾರಿ. ನಡು ಉರಿ, 70: ತೊಗರಿ ಬ್ಯಾಳಿ, ಪುಂಡಿ ಪಲ್ಯ, ಎಳ್ಳಮಾಸಿ ಭಜ್ಜಿ ಬಿಸಿ ಮಾಡೋಕೆ, ಮೇಲೊಂದು ಪಿಂಗಾಣಿ ತಟ್ಟೆ ಮುಚ್ಚಿ, ನಡುವೆ ಒಮ್ಮೆ ಕೈಯಾಡಿಸಬೇಕು. ಸಣ್ಣ ಉರಿ, 50: ಹಾಲು, ನಿನ್ನೆಯ ಜ್ವಾಳದ ರೊಟ್ಟಿ. ರೊಟ್ಟಿಗೆ ಜೋರು ಉರಿ ಕೊಟ್ರೆ ನೀರಿನಂಶ ಹಾರಿ ತೊಗಲಿನಂಗೆ ಆಗುತ್ತೆ. ಒದ್ದೆ ಹತ್ತಿ ಬಟ್ಟೆ ಸುತ್ತಿ (ಜರಿ ಇರಬಾರದು, ಕಿಡಿ ಹಾರುತ್ತೆ) ಅರ್ಧ ನಿಮಿಷ ಸಾಕು. ಕೆಂಡ, 30: ಫ್ರಿಜ್ಜಿನಲ್ಲಿ ಗಟ್ಟಿಯಾದ ಬೆಣ್ಣೆ. ಸ್ಟೀಲ್ ಪಾತ್ರೆ, ಸಿಪ್ಪೆಯಿರೋ ಮೊಟ್ಟೆ ಎರಡಕ್ಕೂ ಒಳಗೆ ಪ್ರವೇಶ ಇಲ್ಲ.

ನಮ್ಮದು ತಿರುಗಿಸೋ ಗುಂಡಿಯ ಮಾದರಿ. ಅದರ ಸುತ್ತ ಟಿಕಳಿ ಅಂಟಿಸಿದೆ. ಕೆಂಡಕ್ಕೆ ಒಂದು, ದೊಡ್ಡ ಉರಿಗೆ ನಾಲ್ಕು. ಬೆರಳಿಗೆ ಸಿಗುತ್ತೆ. ಆದ್ರೆ ಅವ್ವನಿಗೆ ಟಿಕಳಿಗಿಂತ ಕಿವಿಯೇ ಹೆಚ್ಚು ನೆರವಾಯ್ತು. ಒಳಗಿನ ಫ್ಯಾನ್ ಒಂದೇ ಸಮ ತಿರುಗುತ್ತೆ, ಅದರ ಮೇಲೆ 'ಗುಂಯ್' ಅನ್ನೋ ದಪ್ಪ ಸದ್ದು ಬಂದು ಹೋಗುತ್ತೆ. ಎಷ್ಟು ಹೊತ್ತು ಬಂತು, ಎಷ್ಟು ಹೊತ್ತು ಹೋಯ್ತು ಅನ್ನೋದ್ರ ಮೇಲೆ "ಇದು ಸಣ್ಣ ಉರಿ" ಅಂತಾಳೆ. ಉರಿ ಕಾಣದಿದ್ರೂ ಕೇಳುತ್ತೆ ಅಂತ ನನಗೆ ಹೊಳೆದೇ ಇರಲಿಲ್ಲ.

ಹೊಸ ರೊಟ್ಟಿ ಮಾತ್ರ ಇದರಲ್ಲಿ ಆಗೋಲ್ಲ, ಅದಕ್ಕೆ ಹೆಂಚಿನ ಕಾವೇ ಬೇಕು. ಪಕ್ಕದ ಮನೆಯ ಕಾಕು ಬಡಿದು ಕೊಡ್ತಾರೆ. ಕರೆಂಟ್ ಹೋದ್ರೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು.

ಅವ್ವ ಊರಲ್ಲೇ ಉಳಿಯೋಕೆ ಇಷ್ಟು ಎಷ್ಟು ದಿನ ಸಾಕಾಗುತ್ತೋ ಗೊತ್ತಿಲ್ಲ. ಆದ್ರೆ ಈ ಚಳಿಗಾಲ ಪೂರ್ತಿ ಅವಳು ಗ್ಯಾಸ್ ಹಚ್ಚಿಲ್ಲ, ಊರೂ ಬಿಟ್ಟಿಲ್ಲ. ನಿಮ್ಮ ಮನೆಯ ಹಿರಿಯರು ಉರಿಯನ್ನ ಯಾವ ಹೆಸರಿಂದ ಕರೀತಾರೆ?