ಗೊಂಬೆಗೆ ದಸರಾ ಯಾವಾಗ?

ಮೈಸೂರಿನ ನಮ್ಮ ಮನೆಯ ಅಟ್ಟದಲ್ಲಿ ಎರಡು ಕಬ್ಬಿಣದ ಟ್ರಂಕುಗಳಿದ್ದವು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಅಪ್ಪ ಏಣಿ ಹಾಕಿ ಅವನ್ನು ಇಳಿಸುತ್ತಿದ್ದರು. ಹಳೆ ಪಂಚೆಯ ತುಂಡುಗಳಲ್ಲಿ ಸುತ್ತಿಟ್ಟ ಗೊಂಬೆಗಳನ್ನು ಅಮ್ಮ ಒಂದೊಂದಾಗಿ ಬಿಚ್ಚುತ್ತಿದ್ದಳು. ಅವಳ ಮದುವೆಗೆ ತವರಿನಿಂದ ಬಂದ ಪಟ್ಟದ ಗೊಂಬೆಗಳು, ವಾದ್ಯದವರು, ಬೇಳೆಕಾಳಿನ ಅಂಗಡಿ ಇಟ್ಟುಕೊಂಡು ಕೂತ ಶೆಟ್ಟರು, ಶೆಟ್ಟಮ್ಮ. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿದರೆ ಮುಗಿಯಿತು, ಬೇವಿನೆಲೆ, ಬಜೆ ಹಾಕಿ ಮತ್ತೆ ಟ್ರಂಕಿಗೆ. ಯಾವ ಗೊಂಬೆ ಎಲ್ಲಿದೆ ಎಂಬ ಚೀಟಿ ಮುಚ್ಚಳದ ಒಳಗೆ ಅಂಟಿಸಿರುತ್ತಿತ್ತು. ಅಷ್ಟು ವರ್ಷಗಳಲ್ಲಿ ಒಂದು ಗೊಂಬೆಯ ಮೂಗೂ ಮುಕ್ಕಾಗಲಿಲ್ಲ. ನನಗೆ ಶೆಟ್ಟಮ್ಮನನ್ನು ಒಮ್ಮೆ ಎತ್ತಿಕೊಳ್ಳುವ ಆಸೆ ಬಹಳ ಇತ್ತು. "ನೋಡು, ಮುಟ್ಟಬೇಡ" ಎನ್ನುವುದು ಅಮ್ಮನ ಕಟ್ಟಪ್ಪಣೆ.

ಸಾಮಾನನ್ನು ಒಪ್ಪವಾಗಿ ಇಡುವುದೆಂದರೆ ಹೀಗೆ ಎಂದು ನಾನು ಕಲಿತೆ. ಅದೇ ಕ್ರಮವನ್ನು ಮಗಳ ಆಟಿಕೆಗಳಿಗೂ ತಂದೆ. ನಾಲ್ಕು ವರ್ಷದ ಮಗುವಿನ ಆಟವನ್ನು ಎರಡು ತಿಂಗಳು ನಿಲ್ಲಿಸಿಬಿಟ್ಟೆ.

ಬೆಂಗಳೂರಿನಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಹುಟ್ಟುಹಬ್ಬದ ಉಡುಗೊರೆಗಳು, ಅತ್ತೆ ತಂದ ಅಡುಗೆ ಸೆಟ್ಟು, ಚನ್ನಪಟ್ಟಣದಲ್ಲಿ ಬಸ್ಸು ನಿಲ್ಲಿಸಿ ಕೊಂಡ ಬುಗುರಿ, ಎತ್ತಿನಗಾಡಿ, ಬ್ಯಾಟರಿ ರೈಲು, ಎರಡು ಡಬ್ಬಿ ಬ್ಲಾಕ್ಸು. ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಗೆ ಯಾರಾದರೂ ಬರುತ್ತಾರೆಂದರೆ ನನಗೆ ಮೈಯೆಲ್ಲ ಸಂಕೋಚ. ಜುಲೈ ತಿಂಗಳ ಒಂದು ಶನಿವಾರ ಸೀರೆಯ ಸೆರಗು ಸಿಕ್ಕಿಸಿ ಕೂತೆ. ಎಲ್ಲವನ್ನೂ ಸೋಪುನೀರಿನಲ್ಲಿ ತೊಳೆದೆ. ಪ್ರಾಣಿಗಳು ಒಂದು ಡಬ್ಬಿ, ವಾಹನಗಳು ಒಂದು ಡಬ್ಬಿ, ಅಡುಗೆ ಸಾಮಾನು ಒಂದು ಡಬ್ಬಿ ಎಂದು ವಿಂಗಡಿಸಿ, ಗಾಳಿಯಾಡದ ಮುಚ್ಚಳ ಬಿಗಿದು ಸಜ್ಜಾದ ಮೇಲೇರಿಸಿದೆ. ಉಳಿದದ್ದು ಕೋಣೆಯ ಮೂಲೆಯ ಟ್ರಂಕಿಗೆ. ಅಮ್ಮನ ಹಾಗೆ ಚೀಟಿಯನ್ನೂ ಅಂಟಿಸಿದೆ, ಇನ್ನೂ ಓದಲು ಬಾರದ ಮಗುವಿಗೆ. ಅಂದು ರಾತ್ರಿ ಖಾಲಿ ಹಾಲ್ ನೋಡುತ್ತಾ ಕೂತಾಗ ಎಂಥ ನೆಮ್ಮದಿ! ಆ ನೆಮ್ಮದಿ ಯಾರದೆಂದು ಕೇಳಿಕೊಳ್ಳಲಿಲ್ಲ.

ಮೊದಲ ವಾರ ಅವಳು ಕೇಳಿದಳು. "ಅಮ್ಮ, ಹಸು ತೆಗೆದುಕೊಡು." ನಾನು ಕೆಲಸದ ಮುಂದಿರುತ್ತಿದ್ದೆ. "ಇರು ಪುಟ್ಟ, ಆಮೇಲೆ." ಹಸು ಸಿಕ್ಕಿದರೆ ಆಟೋ ಬೇಕು, ಅದು ಬೇರೆ ಡಬ್ಬಿ, ಮತ್ತೆ ಸ್ಟೂಲು ಹತ್ತಬೇಕು. "ಒಂದು ಆಡಿ ಮುಗಿಸು, ಆಮೇಲೆ ಇನ್ನೊಂದು" ಎಂದು ಕಾನೂನು ಮಾಡಿದೆ. ಮೂರನೆಯ ವಾರ ಅವಳೇ ಟ್ರಂಕು ತೆರೆದು ತಳದಲ್ಲಿದ್ದದ್ದನ್ನು ತೆಗೆಯಲು ಬಗ್ಗಿದಾಗ ಮುಚ್ಚಳ ಬಿದ್ದು ಉಂಗುರದ ಬೆರಳಿನ ಉಗುರು ಕಪ್ಪಾಯಿತು. ಕಬ್ಬಿಣದ ಮುಚ್ಚಳ ತಾನಾಗಿ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೆರಳಿಗೆ ಬಿದ್ದದ್ದು ಕತ್ತಿಗೆ ಬೀಳಬಹುದಿತ್ತು. ಈಗಲೂ ಅದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ.

ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಟಿವಿ ಮುಂದೆ ಕೂರುತ್ತಿದ್ದಳು. ಮಗು ಶಾಂತವಾಗಿದೆ ಎಂದುಕೊಂಡೆ. ಆಗಸ್ಟ್ ಕೊನೆಯ ಒಂದು ರಾತ್ರಿ ಮಲಗುವಾಗ ಕೇಳಿದಳು:

"ಅಮ್ಮ, ನನ್ನ ಗೊಂಬೆಗೆ ದಸರಾ ಯಾವಾಗ ಬರುತ್ತೆ?"

ಹಿಂದಿನ ವರ್ಷ ಅಜ್ಜಿ ಮನೆಯ ಟ್ರಂಕು ಇಳಿಸಿದ್ದನ್ನು ನೋಡಿದ್ದಳು. ತನ್ನ ಆಟಿಕೆಗಳೂ ಹಾಗೆಯೇ ವರ್ಷಕ್ಕೊಮ್ಮೆ ಹೊರಬರುತ್ತವೆ ಎಂದು ತಿಳಿದು ಕಾಯುತ್ತಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಡಬ್ಬಿಗಳನ್ನು ಇಳಿಸಿ ತೆರೆದರೆ ಮುಗ್ಗಲು ವಾಸನೆ. ಮಳೆಗಾಲದಲ್ಲಿ ತೊಳೆದು, ಪೂರ್ತಿ ಒಣಗಿಸದೆ ಮುಚ್ಚಿದ್ದೆನಲ್ಲ. ಬಟ್ಟೆಯ ಮೊಲಕ್ಕೆ ಬೂಷ್ಟು. ಎತ್ತಿನಗಾಡಿಯ ಬಣ್ಣವಿಲ್ಲದ ತಳಕ್ಕೂ ಬೂಷ್ಟು. ಚನ್ನಪಟ್ಟಣದವರು ಹಾಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತುತ್ತಾರೆ. ಅರಗು ಹಿಡಿದ ಕಡೆ ಮರಕ್ಕೆ ಕವಚ, ಹಿಡಿಯದ ಕಡೆ ಅದು ನೀರು ಕುಡಿಯುತ್ತದೆ. ಅಂಥದ್ದನ್ನು ಒಣಬಟ್ಟೆಯಲ್ಲಿ ಒರೆಸಿದ್ದರೆ ಸಾಕಿತ್ತು. ರೈಲಿನ ಬ್ಯಾಟರಿ ಸೋರಿ ತಂತಿಯ ಮೇಲೆ ಬಿಳಿಪುಡಿ ಕೂತಿತ್ತು. ಎತ್ತಿಡುವ ಮುನ್ನ ಬ್ಯಾಟರಿ ತೆಗೆಯಬೇಕೆಂಬುದೂ ನನಗೆ ಹೊಳೆದಿರಲಿಲ್ಲ. ಮೊಲವನ್ನು ಉಳಿಸಿಕೊಳ್ಳಲಾಗಲಿಲ್ಲ. ಅದನ್ನು ಮಗಳಿಗೆ ಹೇಳಿ, ಅವಳ ಕ್ಷಮೆ ಕೇಳಿದೆ.

ಆ ವಾರವೇ ನಮ್ಮ ಬೀದಿಯ ಮಾಂಟೆಸ್ಸೋರಿ ಶಾಲೆಯ ಮೇಡಂ ಹತ್ತಿರ ಹೋದೆ. ಮರಿಯಾ ಮಾಂಟೆಸ್ಸೋರಿ 1939ರಲ್ಲಿ ಮದರಾಸಿಗೆ ಬಂದು, ಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದು ನೂರಾರು ಶಿಕ್ಷಕರನ್ನು ತಯಾರು ಮಾಡಿದವರು. ಆ ಪದ್ಧತಿಯ ತರಗತಿಯಲ್ಲಿ ಮುಚ್ಚಳವಿರುವ ದೊಡ್ಡ ಪೆಟ್ಟಿಗೆ ಇರುವುದಿಲ್ಲ. ಮಗುವಿನ ಎದೆಮಟ್ಟದ ತೆರೆದ ಹಲಗೆಗಳು, ಒಂದೊಂದು ತಟ್ಟೆಯಲ್ಲಿ ಒಂದೊಂದೇ ಸಾಮಾನು. ಮೇಡಂ ಇನ್ನೊಂದು ವಿಷಯ ಹೇಳಿದರು. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಇನ್ನೊಮ್ಮೆ 16 ಆಟಿಕೆಗಳ ಜೊತೆ ಬಿಟ್ಟು ನೋಡಿದ್ದರಂತೆ. ಆ ಅಧ್ಯಯನ 2018ರಲ್ಲಿ ಅಚ್ಚಾಯಿತು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಅಂದರೆ ಹಾಲ್ ತುಂಬ ಹರಡಿದ್ದ ದಿನಗಳೂ ಅವಳಿಗೆ ಅಷ್ಟೇನೂ ಒಳ್ಳೆಯದಿರಲಿಲ್ಲ. ಕಡಿಮೆ ಮಾಡಿದ್ದು ಸರಿ. ಕಡಿಮೆ ಮಾಡಿ, ಕೈಗೆಟುಕದ ಕಡೆ ಬೀಗ ಹಾಕಿದ ಹಾಗೆ ಇಟ್ಟದ್ದು ತಪ್ಪು.

ಚಪ್ಪಲಿ ಇಡುತ್ತಿದ್ದ ಎರಡಂತಸ್ತಿನ ಮರದ ಸ್ಟ್ಯಾಂಡನ್ನು ತೊಳೆದು, ಬಿಸಿಲಿಗಿಟ್ಟು, ಹಾಲ್‌ಗೆ ತಂದೆ. ಮಗು ಹತ್ತಿದರೂ ಬೀಳದಂತೆ ನನ್ನ ಗಂಡ ಅದನ್ನು ಗೋಡೆಗೆ ಕ್ಲಾಂಪು ಹಾಕಿ ಬಿಗಿದರು. ಮೇಲೆ ಬೆತ್ತದ ಬುಟ್ಟಿ, ಹಳೆಯ ಸ್ಟೀಲು ತಟ್ಟೆಗಳು. ಬ್ಲಾಕ್ಸಿಗೆ ಮಾತ್ರ ಬುಟ್ಟಿ ಬೇಡವೆನಿಸಿತು, ಯಾಕೆಂದರೆ ಒಂದು ತುಂಡು ಹುಡುಕಲು ಇಡೀ ಬುಟ್ಟಿಯನ್ನೇ ಸುರಿಯಬೇಕು. ಒಂದು ಹಳೆ ಬೆಡ್‌ಶೀಟು ಹಾಸುತ್ತೇವೆ, ಆಟ ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದು ಅಗಸರ ಗಂಟಿನ ಹಾಗೆ ಕಟ್ಟಿ ಮೂಲೆಗೆ. ಆ ಗಂಟು ಎಳೆಯುವುದೇ ಅವಳಿಗೆ ಒಂದು ಆಟ. ಜಿಗ್‌ಸಾ ತುಂಡುಗಳ ಬೆನ್ನಿಗೆ ಒಂದೊಂದು ಚಿತ್ರಕ್ಕೆ ಒಂದೊಂದು ಬಣ್ಣದ ಚುಕ್ಕೆ ಇಟ್ಟು ಜಿಪ್ಪಿನ ಚೀಲಕ್ಕೆ ಹಾಕಿದ್ದೇನೆ.

ಜೋಡಿಸುವಾಗ ಮತ್ತೆ ಪ್ರಾಣಿ, ವಾಹನ ಎಂದು ಬೇರೆ ಮಾಡಹೊರಟೆ. ಮಗಳು ತಡೆದಳು. ಹಸುವನ್ನು ಆಟೋದ ತಟ್ಟೆಗೆ ಇಟ್ಟಳು, ಪುಟ್ಟ ಇಡ್ಲಿ ಪಾತ್ರೆಯನ್ನೂ ಅಲ್ಲೇ. "ಹಸುಗೆ ಜ್ವರ. ಆಸ್ಪತ್ರೆಗೆ ಹೋಗ್ತಿದೆ. ಊಟ ಬೇಡ್ವಾ?" ನಾನು ಮೂರು ಡಬ್ಬಿಗೆ ಹಂಚಿ ಸಜ್ಜಾದ ಮೇಲಿಟ್ಟಿದ್ದು ಒಂದೇ ಕಥೆಯನ್ನು. ಅಂದಿನಿಂದ ವಿಂಗಡಣೆ ಅವಳದು. ನೋಡಿದವರಿಗೆ ಗೊಂದಲವೆನಿಸಬಹುದು, ಅವಳು ಮಾತ್ರ ಕತ್ತಲಲ್ಲೂ ಕೈಹಾಕಿ ಬೇಕಾದ್ದನ್ನು ತೆಗೆಯುತ್ತಾಳೆ.

ಸಜ್ಜಾವನ್ನು ಪೂರ್ತಿ ಬಿಟ್ಟಿಲ್ಲ. ಅಮ್ಮನ ಟ್ರಂಕಿನಿಂದ ಒಂದು ಗುಟ್ಟನ್ನು ಉಳಿಸಿಕೊಂಡಿದ್ದೇನೆ: ಕೆಲ ಕಾಲ ಕಾಣದೆ ಇದ್ದದ್ದು ಮತ್ತೆ ಬಂದಾಗ ಹೊಸದಾಗಿರುತ್ತದೆ. ಅರ್ಧ ಆಟಿಕೆಗಳು ಬಟ್ಟೆಯ ಚೀಲದಲ್ಲಿ ಮೇಲಿರುತ್ತವೆ, ಹದಿನೈದು ದಿನಕ್ಕೊಮ್ಮೆ ಅದಲುಬದಲು. ಯಾವುದು ಹೋಗಬೇಕೆಂದು ಅವಳೇ ಹೇಳುತ್ತಾಳೆ. ನಡುವೆ ಏನಾದರೂ ಬೇಕೆಂದರೆ ಕೆಲಸ ಬಿಟ್ಟು ಎದ್ದು ಸ್ಟೂಲು ಹತ್ತುತ್ತೇನೆ. ಈಗಲೂ ಕೆಲವು ಸಂಜೆ ಹಾಲ್ ಹರಡಿಯೇ ಇರುತ್ತದೆ, ನೆಂಟರು ಬಂದರೂ ಸರಿಯೆ.

ಆ ವರ್ಷ ದಸರೆಗೆ ಮೈಸೂರಿಗೆ ಹೋದೆವು. ಮಗಳು ಆಟೋ ತಂದಿದ್ದಳು. ಗೊಂಬೆ ಕೂರಿಸಿದ ಮೆಟ್ಟಿಲಿನ ಮುಂದೆ ಬಹಳ ಹೊತ್ತು ನಿಂತು, "ಅಜ್ಜಿ, ಶೆಟ್ಟರ ಅಂಗಡೀಲಿ ಅಕ್ಕಿ ಖಾಲಿ. ಮಾರ್ಕೆಟ್ಟಿಗೆ ಹೋಗ್ಬೇಕು" ಎಂದಳು. ನಾನು ಅವಳ ಕೈ ಹಿಡಿಯಲು ಮುಂದಾದೆ. ಅಮ್ಮ ನನ್ನ ಮುಖ ನೋಡಿದಳು, ಅವಳಿಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡಿದ್ದೆ. ಆಮೇಲೆ ಎರಡೂ ಕೈಯಿಂದ ಶೆಟ್ಟಮ್ಮನನ್ನು ಮೆಟ್ಟಿಲಿಂದ ಎತ್ತಿ ಮೊಮ್ಮಗಳ ಅಂಗೈಯಲ್ಲಿಟ್ಟಳು.

"ಶೆಟ್ಟರಿಗೆ ಮಂಡಿನೋವು ಕಣೇ. ಇವಳನ್ನ ಕರ್ಕೊಂಡು ಹೋಗು, ಜೋಪಾನ" ಎಂದಳು.